ವೇಗ ಬದಲಾದಾಗ ಬ್ಲೋವರ್ ನಡುಗುವುದೇಕೆ? ಎಕ್ಸಾಸ್ಟ್ ಕಂಪನ ಮತ್ತು ಸದ್ದಿನ ಕುರಿತು ಹೋಟೆಲ್ ಮಾಲಕರು ತಿಳಿದಿರಬೇಕಾದ ಸಂಗತಿಗಳು

ನಮ್ಮ ಹೋಟೆಲುಗಳಲ್ಲಿ ಬೆಳಗ್ಗೆ ಎಲ್ಲಕ್ಕಿಂತ ಮೊದಲು ಶುರುವಾಗಿ, ರಾತ್ರಿ ಎಲ್ಲಕ್ಕಿಂತ ಕೊನೆಗೆ ನಿಲ್ಲುವ ಯಂತ್ರವೆಂದರೆ ಅಡುಗೆಮನೆಯ ಎಕ್ಸಾಸ್ಟ್ ಬ್ಲೋವರ್. ಇಡ್ಲಿ ಸ್ಟೀಮರಿನ ಆವಿ, ದೋಸೆ ಕಾವಲಿಯ ಹೊಗೆ, ವಡೆ ಬಾಣಲೆಯ ಎಣ್ಣೆ ಜಿಡ್ಡು ಎಲ್ಲವನ್ನೂ ಎಳೆದು ಹೊರಗೆ ಹಾಕುವ ಈ ಯಂತ್ರ ಸರಿಯಾಗಿರುವವರೆಗೆ ಯಾರ ಗಮನಕ್ಕೂ ಬರುವುದಿಲ್ಲ. ಅದು ನಡುಗಲು ಆರಂಭಿಸಿದ ದಿನ ಮಾತ್ರ ಮೇಲಿನ ಮಹಡಿಯವರಿಂದ ಹಿಡಿದು ಸೊಸೈಟಿಯ ಕಾರ್ಯದರ್ಶಿಯವರೆಗೆ ಎಲ್ಲರೂ ನಮ್ಮ ಕ್ಯಾಶ್ ಕೌಂಟರಿನ ಮುಂದೆ ಬಂದು ನಿಲ್ಲುತ್ತಾರೆ.

ಮುಂಬಯಿ, ಪುಣೆಯಂತಹ ನಗರಗಳಲ್ಲಿ ನಮ್ಮಲ್ಲಿ ಅನೇಕರ ಹೋಟೆಲುಗಳು ವಸತಿ ಕಟ್ಟಡದ ನೆಲ ಅಂತಸ್ತಿನಲ್ಲಿವೆ. ಹೊಗೆಯ ಡಕ್ಟ್ ಕಟ್ಟಡದ ಗೋಡೆಯನ್ನೇ ಹಿಡಿದು ಮೇಲೆ ಹೋಗುತ್ತದೆ. ಬ್ಲೋವರ್ ತಾರಸಿಯ ಮೇಲೋ ಹಿಂಬದಿಯ ಮಾಡಿನ ಮೇಲೋ ಕುಳಿತಿರುತ್ತದೆ. ಅದರ ನಡುಕ ನಮ್ಮ ಅಡುಗೆಮನೆಗಿಂತ ನೆರೆಮನೆಯವರ ಮಲಗುವ ಕೋಣೆಗೆ ಹೆಚ್ಚು ತಟ್ಟುತ್ತದೆ. ಎಕ್ಸಾಸ್ಟ್ ನಿಲ್ಲಿಸಬೇಕಾಗಿ ಬಂದರೆ ಭಟ್ಟಿಯ ಮುಂದೆ ನಿಲ್ಲುವ ಭಟ್ಟರ ಗತಿ ಏನು, ಆ ದಿನದ ವ್ಯಾಪಾರದ ಗತಿ ಏನು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಈ ನಡುಕ ಎಲ್ಲಿಂದ ಹುಟ್ಟುತ್ತದೆ, ಒಂದು ವೇಗದಲ್ಲಿ ಇಲ್ಲದ್ದು ಇನ್ನೊಂದು ವೇಗದಲ್ಲಿ ಏಕೆ ಬರುತ್ತದೆ, ಹೊಸ ಬ್ಲೋವರಿಗೆ ದುಡ್ಡು ಹಾಕುವ ಮೊದಲು ನಾವೇ ಏನನ್ನು ಪರೀಕ್ಷಿಸಿ ನೋಡಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ.

ಬಿಲ್ಲು ಇಳಿಯಿತು, ದೂರು ಏರಿತು

ಮೊದಲೆಲ್ಲ ಬ್ಲೋವರಿಗೆ ಒಂದೇ ವೇಗ. ಸ್ವಿಚ್ ಹಾಕಿದರೆ ಪೂರ್ತಿ, ತೆಗೆದರೆ ನಿಂತಿತು. ಈಗ ವೇಗ ಹೆಚ್ಚು ಕಡಿಮೆ ಮಾಡುವ ವಿಎಫ್‌ಡಿ ಡ್ರೈವ್‌ಗಳನ್ನು ನಮ್ಮವರು ಅಳವಡಿಸಿಕೊಳ್ಳುತ್ತಿದ್ದಾರೆ. ಅದಕ್ಕೆ ಒಳ್ಳೆಯ ಕಾರಣವೂ ಇದೆ. ಫ್ಯಾನ್ ಎಳೆಯುವ ಗಾಳಿಯ ಪ್ರಮಾಣ ವೇಗಕ್ಕೆ ತಕ್ಕಷ್ಟೇ ಇಳಿದರೆ, ಅದು ತಿನ್ನುವ ವಿದ್ಯುತ್ತು ವೇಗದ ಘನದ ಲೆಕ್ಕದಲ್ಲಿ ಇಳಿಯುತ್ತದೆ. ವೇಗವನ್ನು ಶೇ. 80ಕ್ಕೆ ಇಳಿಸಿದರೆ ಗಾಳಿ ಶೇ. 80 ಸಿಗುತ್ತದೆ, ಆದರೆ ಫ್ಯಾನಿಗೆ ಬೇಕಾಗುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಶೇ. 60ರ ವೇಗದಲ್ಲಿ ಅದು ಶೇ. 22ರಷ್ಟು ಮಾತ್ರ. ಮಧ್ಯಾಹ್ನ ಮೂರರಿಂದ ಐದರವರೆಗೆ ಭಟ್ಟಿ ತಣ್ಣಗಿರುವಾಗ ವೇಗ ಇಳಿಸಿದರೆ ಬಿಲ್ಲಿನಲ್ಲಿ ವ್ಯತ್ಯಾಸ ಕಾಣಲೇಬೇಕು.

ವೇಗ ಇಳಿಸಿದರೆ ಸದ್ದೂ ಇಳಿಯಬೇಕು. ಫ್ಯಾನಿನ ಗಾಳಿಯ ಸದ್ದಿಗೂ ಒಂದು ಲೆಕ್ಕವಿದೆ. ಶೇ. 80ರ ವೇಗದಲ್ಲಿ ಅದು ಸುಮಾರು 5 ಡೆಸಿಬೆಲ್ ಕಡಿಮೆಯಾಗಬೇಕು, ಶೇ. 60ರಲ್ಲಿ ಸುಮಾರು 11 ಡೆಸಿಬೆಲ್. ಹಾಗಿದ್ದೂ ಕೆಲವು ಕಡೆ ಡ್ರೈವ್ ಹಾಕಿಸಿದ ಮೇಲೆಯೇ ದೂರು ಶುರುವಾಗುತ್ತದೆ. ಪೂರ್ತಿ ವೇಗದಲ್ಲಿ ಸುಮ್ಮನಿದ್ದ ಬ್ಲೋವರ್ ನಿಧಾನ ಮಾಡಿದಾಗ ಗಡಗಡ ಅನ್ನುತ್ತದೆ. ಇನ್ನೂ ನಿಧಾನ ಮಾಡಿದರೆ ಮತ್ತೆ ಸುಮ್ಮನಾಗುತ್ತದೆ. ಮಾಲಕರಿಗೆ ಡ್ರೈವ್ ಕೆಟ್ಟದ್ದು ಅನ್ನಿಸುತ್ತದೆ. ಡ್ರೈವ್ ಹಾಕಿದವರು ಬೇರಿಂಗ್ ಹೋಗಿದೆ ಅನ್ನುತ್ತಾರೆ. ಬೇರಿಂಗ್ ಬದಲಿಸಿದರೂ ನಡುಕ ಹೋಗುವುದಿಲ್ಲ.

ಇಲ್ಲಿ ಡ್ರೈವ್ ಕೆಟ್ಟಿಲ್ಲ, ಬೇರಿಂಗೂ ಕೆಟ್ಟಿರಲಿಕ್ಕಿಲ್ಲ. ಆಗಿರುವುದು ಬೇರೆ.

ಪ್ರತಿಯೊಂದು ವಸ್ತುವಿಗೂ ತನ್ನದೇ ತೂಗಾಟ

ತೊಟ್ಟಿಲನ್ನು ತೂಗಿದವರಿಗೆಲ್ಲ ಗೊತ್ತು: ಅದಕ್ಕೆ ತನ್ನದೇ ಆದ ಒಂದು ಲಯವಿದೆ. ಆ ಲಯಕ್ಕೆ ಸರಿಯಾಗಿ ಬೆರಳಿನಿಂದ ತಳ್ಳಿದರೂ ಸಾಕು, ತೂಗಾಟ ದೊಡ್ಡದಾಗುತ್ತ ಹೋಗುತ್ತದೆ. ಲಯ ತಪ್ಪಿಸಿ ಎಷ್ಟೇ ಬಲವಾಗಿ ತಳ್ಳಿದರೂ ಅಷ್ಟು ಆಗುವುದಿಲ್ಲ. ಹಳೆಯ ಬಸ್ಸು ಸಿಗ್ನಲಿನಲ್ಲಿ ನಿಂತು ಎಂಜಿನ್ ನಿಧಾನವಾಗಿ ಓಡುವಾಗ ಕಿಟಕಿಯ ಗಾಜುಗಳು ಕಟಕಟ ಎನ್ನುತ್ತವೆ. ಬಸ್ಸು ವೇಗ ಹಿಡಿದ ಮೇಲೆ ಅದೇ ಗಾಜು ಸುಮ್ಮನಾಗುತ್ತದೆ. ತಳ್ಳುವ ಲಯವೂ ವಸ್ತುವಿನ ಸಹಜ ಲಯವೂ ಒಂದಾದಾಗ ಕಂಪನ ಬೆಳೆಯುವುದಕ್ಕೆ ವಿಜ್ಞಾನದಲ್ಲಿ ಅನುರಣನ ಎನ್ನುತ್ತಾರೆ.

ನಮ್ಮ ಬ್ಲೋವರ್ ಕೂಡ ರಬ್ಬರ್ ಪ್ಯಾಡಿನ ಮೇಲೆ ಕೂರಿಸಿದ ಒಂದು ತೊಟ್ಟಿಲೇ. ಅದರ ಸಹಜ ಲಯ ಎಷ್ಟೆಂದು ತಿಳಿಯಲು ಸುಲಭ ಲೆಕ್ಕವೊಂದಿದೆ. ಬ್ಲೋವರಿನ ಭಾರಕ್ಕೆ ಪ್ಯಾಡ್ ಎಷ್ಟು ಮಿಲಿಮೀಟರ್ ಕುಗ್ಗಿದೆ ನೋಡಿ. ಆ ಅಂಕೆಯ ವರ್ಗಮೂಲದಿಂದ 15.8ನ್ನು ಭಾಗಿಸಿದರೆ ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬುದು ಸಿಗುತ್ತದೆ. ಪ್ಯಾಡ್ 3 ಮಿ.ಮೀ. ಕುಗ್ಗಿದ್ದರೆ ಉತ್ತರ ಸೆಕೆಂಡಿಗೆ ಸುಮಾರು 9 ಸಲ, ಅಂದರೆ ನಿಮಿಷಕ್ಕೆ ಸುಮಾರು 540 ಸಲ. ರಬ್ಬರಿನಲ್ಲಿ ನಿಜವಾದ ಅಂಕೆ ಇದಕ್ಕಿಂತ ತುಸು ಹೆಚ್ಚೇ ಇರುತ್ತದೆ. ಅಂದಾಜಿಗೆ ಇಷ್ಟು ಸಾಕು.

ಈಗ ಒಂದು ಮಾಮೂಲಿ ಬ್ಲೋವರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೋಟಾರ್ ನಿಮಿಷಕ್ಕೆ 1440 ಸುತ್ತಿನದು. ಮೋಟಾರಿನ ಪುಲ್ಲಿ 5 ಇಂಚು, ಫ್ಯಾನಿನ ಪುಲ್ಲಿ 8 ಇಂಚು. ಆಗ ಫ್ಯಾನ್ ನಿಮಿಷಕ್ಕೆ 900 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 15. ಇದು ಪ್ಯಾಡಿನ 9ಕ್ಕಿಂತ ಸಾಕಷ್ಟು ಮೇಲಿದೆ, ಆದ್ದರಿಂದ ಪೂರ್ತಿ ವೇಗದಲ್ಲಿ ತೊಂದರೆ ಕಾಣಲಿಲ್ಲ. ಡ್ರೈವ್ ಹಾಕಿ ವೇಗವನ್ನು ಶೇ. 60ಕ್ಕೆ ಇಳಿಸಿದಿರಿ. ಫ್ಯಾನ್ ನಿಮಿಷಕ್ಕೆ 540 ಸುತ್ತಿಗೆ ಬಂತು. ಸೆಕೆಂಡಿಗೆ ಸರಿಯಾಗಿ 9! ನಾವೇ ಕೈಯಾರೆ ಅದನ್ನು ತೊಟ್ಟಿಲಿನ ಲಯಕ್ಕೆ ತಂದು ನಿಲ್ಲಿಸಿದಂತಾಯಿತು.

ಒಂದೇ ವೇಗಕ್ಕೆಂದು ಕೂರಿಸಿದ ಬ್ಲೋವರಿಗೆ ಪಾಯ ಬದಲಿಸದೆ ಡ್ರೈವ್ ಹಾಕಿದರೆ ಇಂಥ ತೊಂದರೆ ಬರುವ ಸಾಧ್ಯತೆ ಇದ್ದೇ ಇದೆ. ಇದು ಯಂತ್ರದ ಕಾಯಿಲೆಯಲ್ಲ. ವೇಗ ಮತ್ತು ಪಾಯ ಒಂದಕ್ಕೊಂದು ಹೊಂದಲಿಲ್ಲ, ಅಷ್ಟೇ.

ಇದು ಇಂದಿನ ಸಮಸ್ಯೆಯಲ್ಲ

ತಿರುಗುವ ದಂಡ ಒಂದು ನಿರ್ದಿಷ್ಟ ವೇಗದಲ್ಲಿ ವಿಪರೀತ ನಡುಗುವುದನ್ನು 1869ರಲ್ಲೇ ಸ್ಕಾಟ್ಲೆಂಡಿನ ಎಂಜಿನಿಯರ್ ರ‍್ಯಾಂಕಿನ್ ಬರೆದಿದ್ದರು. ಆ ವೇಗವನ್ನು ದಾಟಿ ಯಂತ್ರ ಓಡಿಸಲು ಸಾಧ್ಯವಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು. ಅದು ಸಾಧ್ಯವೆಂದು ಮಾಡಿ ತೋರಿಸಿದವರು ಸ್ವೀಡನ್ನಿನ ಗುಸ್ತಾಫ್ ಡಿ ಲಾವಲ್. ಹಾಲಿನಿಂದ ಕೆನೆ ಬೇರ್ಪಡಿಸುವ ತಿರುಗು ಯಂತ್ರವನ್ನು 1878ರಲ್ಲಿ ರೂಪಿಸಿದವರೂ ಇವರೇ, ಹಾಗಾಗಿ ಹಾಲು ತುಪ್ಪದ ವ್ಯವಹಾರದ ನಮಗೆ ಇವರು ಪರಕೀಯರಲ್ಲ. ತಮ್ಮ ಆವಿ ಟರ್ಬೈನಿಗೆ ತೆಳುವಾದ, ಬಳುಕುವ ದಂಡ ಹಾಕಿ, ನಡುಗುವ ವೇಗವನ್ನು ಬೇಗ ದಾಟಿಸಿ, ನಿಮಿಷಕ್ಕೆ 30,000 ಸುತ್ತಿನಲ್ಲಿ ಅದನ್ನು ಓಡಿಸಿದರು. ದಾಟಿದ ಮೇಲೆ ಯಂತ್ರ ಹಾಯಾಗಿ ಓಡುತ್ತದೆ ಎಂಬುದಕ್ಕೆ 1919ರಲ್ಲಿ ಜೆಫ್‌ಕಾಟ್ ಸರಿಯಾದ ಲೆಕ್ಕ ಕೊಟ್ಟರು. ವೇಗ ಬದಲಾಗುವ ಯಂತ್ರದಲ್ಲಿ ಯಾವ ಯಾವ ವೇಗ ಅಪಾಯಕಾರಿ ಎಂಬುದನ್ನು ಒಂದೇ ಹಾಳೆಯ ಮೇಲೆ ಗೆರೆ ಎಳೆದು ತೋರಿಸುವ ವಿಧಾನಕ್ಕೆ, 1924ರಲ್ಲಿ ಟರ್ಬೈನ್ ಚಕ್ರಗಳ ಕಂಪನದ ಬಗ್ಗೆ ಪ್ರಬಂಧ ಬರೆದ ಅಮೆರಿಕದ ಕ್ಯಾಂಪ್‌ಬೆಲ್ ಅವರ ಹೆಸರು ನಿಂತಿದೆ. ನಮ್ಮ ಬ್ಲೋವರಿಗೂ ಇವೇ ನಿಯಮ.

ಜಿಡ್ಡಿನ ಒಂದು ಹಲ್ಲೆ ಎಷ್ಟು ಬಲ ಹಾಕುತ್ತದೆ?

ತೊಟ್ಟಿಲು ತೂಗಲು ಒಂದು ಕೈ ಬೇಕು. ಬ್ಲೋವರಿನಲ್ಲಿ ಆ ಕೈ ಯಾವುದು? ಹೆಚ್ಚಿನ ಪಕ್ಷ ಸಮತೋಲ ತಪ್ಪಿದ ಇಂಪೆಲ್ಲರ್.

ಎಲೆಗಳ ಮೇಲೆ ಎಣ್ಣೆ ಜಿಡ್ಡು ಒಂದೇ ಸಮನೆ ಕೂತಿರುವವರೆಗೆ ಹೆಚ್ಚು ತೊಂದರೆಯಿಲ್ಲ. ಒಂದು ದಿನ ಯಾವುದೋ ಒಂದು ಎಲೆಯಿಂದ ಒಣಗಿದ ಜಿಡ್ಡಿನ ಹಲ್ಲೆ ಕಳಚಿ ಬೀಳುತ್ತದೆ. ಆ ಹಲ್ಲೆ ಬರೇ 50 ಗ್ರಾಂ, ಅಂದರೆ ಒಂದು ದೊಡ್ಡ ನಿಂಬೆಹಣ್ಣಿನ ತೂಕದ್ದು ಎಂದಿಟ್ಟುಕೊಳ್ಳಿ. ನಡುವಿನಿಂದ 30 ಸೆಂ.ಮೀ. ದೂರದಲ್ಲಿ, ನಿಮಿಷಕ್ಕೆ 900 ಸುತ್ತಿನಲ್ಲಿ, ಆ ವ್ಯತ್ಯಾಸದಿಂದ ಹುಟ್ಟುವ ಬಲ ಸುಮಾರು 13 ಕಿಲೋ ಭಾರಕ್ಕೆ ಸಮ. ಆ ಬಲ ಸೆಕೆಂಡಿಗೆ 15 ಸಲ ಬೇರಿಂಗನ್ನು ಸುತ್ತಲೂ ಎಳೆಯುತ್ತದೆ. ವೇಗ ಅರ್ಧವಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ, ಏಕೆಂದರೆ ಇದು ವೇಗದ ವರ್ಗದ ಲೆಕ್ಕ.

ಬ್ಯಾಲೆನ್ಸಿಂಗ್ ಮಾಡುವವರು ಜಿ 6.3 ಎಂಬ ದರ್ಜೆಯ ಮಾತಾಡುತ್ತಾರೆ. ಕೈಗಾರಿಕಾ ಫ್ಯಾನುಗಳ ಸಮತೋಲ ಮತ್ತು ಕಂಪನಕ್ಕಾಗಿಯೇ 2003ರಲ್ಲಿ ಬಂದ ಐಎಸ್‌ಒ 14694 ಮಾನಕದಲ್ಲೂ ಈ ದರ್ಜೆ ಇದೆ. 30 ಕಿಲೋ ತೂಗುವ ಇಂಪೆಲ್ಲರ್ 900 ಸುತ್ತಿನಲ್ಲಿ ತಿರುಗುವುದಾದರೆ, ಈ ದರ್ಜೆಯ ಪ್ರಕಾರ 30 ಸೆಂ.ಮೀ. ದೂರದಲ್ಲಿ ಹೆಚ್ಚೆಂದರೆ 6ರಿಂದ 7 ಗ್ರಾಂ ವ್ಯತ್ಯಾಸ ಇರಬಹುದು. ಅದರ ಮುಂದೆ 50 ಗ್ರಾಂ ಜಿಡ್ಡು ಏಳು ಪಾಲು ಹೆಚ್ಚು. ಆದ್ದರಿಂದ ನಡುಕ ಬಂದಾಗ ಮೊದಲು ಮಾಡಬೇಕಾದ ಕೆಲಸ ಇಂಪೆಲ್ಲರನ್ನು ಪೂರ್ತಿ ತೊಳೆಯಿಸುವುದು. ಅರ್ಧಂಬರ್ಧ ಕೆರೆದರೆ ಇದ್ದದ್ದೂ ಕೆಡುತ್ತದೆ. ಎಲ್ಲ ಎಲೆಗಳೂ ಲೋಹ ಕಾಣುವವರೆಗೆ ಶುದ್ಧವಾಗಬೇಕು.

ತಾಳ ಹಿಡಿದು ಕಾರಣ ಹುಡುಕುವುದು

ತೊಳೆದ ಮೇಲೂ ನಡುಕ ಉಳಿದರೆ ಕಾರಣ ಹುಡುಕಬೇಕು. ಇಲ್ಲಿ ಸಹಾಯಕ್ಕೆ ಬರುವುದು ವೇಗ ಬದಲಿಸಿ ನೋಡುವ ಪರೀಕ್ಷೆ.

ಆದಿತಾಳಕ್ಕೆ ಎಂಟು ಅಕ್ಷರ. ಭಾಗವತರು ನಿಧಾನವಾಗಿ ಹಾಡಲಿ, ಬೇಗ ಹಾಡಲಿ, ಒಂದು ಆವರ್ತಕ್ಕೆ ಎಂಟು ಎಂಟೇ. ಯಂತ್ರದ ಭಾಗಗಳೂ ಹಾಗೆಯೇ. ವೇಗ ಏನೇ ಇರಲಿ, ಒಂದು ಸುತ್ತಿಗೆ ಎಷ್ಟು ಪೆಟ್ಟು ಎಂಬುದು ಬದಲಾಗುವುದಿಲ್ಲ. ತಜ್ಞರು ಇದನ್ನು ಆರ್ಡರ್ ಎಂದು ಕರೆಯುತ್ತಾರೆ. ನಮ್ಮ ಉದಾಹರಣೆಯ ಬ್ಲೋವರಿನಲ್ಲಿ ಲೆಕ್ಕ ಹೀಗೆ:

ಇಂಪೆಲ್ಲರ್ ಸಮತೋಲ ತಪ್ಪಿದ್ದರೆ ಫ್ಯಾನಿನ ಒಂದು ಸುತ್ತಿಗೆ ಒಂದು ಪೆಟ್ಟು.

ಇಂಪೆಲ್ಲರಿಗೆ 12 ಎಲೆಗಳಿದ್ದರೆ ಗಾಳಿಯ ಗುಂಯ್ ಸದ್ದು ಒಂದು ಸುತ್ತಿಗೆ 12 ಸಲ. 900 ಸುತ್ತಿನಲ್ಲಿ ಅದು ಸೆಕೆಂಡಿಗೆ 180.

ಮೋಟಾರಿನ ಕಡೆಯ ದೋಷವಾದರೆ ಫ್ಯಾನಿನ ಒಂದು ಸುತ್ತಿಗೆ 1.6 ಪೆಟ್ಟು, ಏಕೆಂದರೆ ಮೋಟಾರ್ ಅಷ್ಟು ಹೆಚ್ಚು ಬೇಗ ತಿರುಗುತ್ತದೆ.

ಬೆಲ್ಟಿನ ಉದ್ದ 80 ಇಂಚು ಇದ್ದರೆ ಅದು ನಿಮಿಷಕ್ಕೆ ಸುಮಾರು 283 ಸಲ ಮಾತ್ರ ಸುತ್ತು ಹಾಕುತ್ತದೆ. ಬೆಲ್ಟಿನಲ್ಲಿ ಒಂದು ಕಡೆ ಹರಿದಿದ್ದರೆ ಪೆಟ್ಟು ಫ್ಯಾನಿನ ಸುತ್ತಿಗಿಂತ ನಿಧಾನವಾಗಿ, ಮೂರು ಸುತ್ತಿಗೆ ಒಂದರಂತೆ ಬರುತ್ತದೆ.

ಇವೆಲ್ಲ ವೇಗ ಏರಿದಂತೆ ತಾವೂ ಏರುವ ಸದ್ದುಗಳು. ಆದರೆ ಪಾಯ, ಡಕ್ಟಿನ ತಗಡು, ತಾರಸಿಯ ಸ್ಲ್ಯಾಬ್ ಇವುಗಳ ಸಹಜ ಲಯ ವೇಗದೊಂದಿಗೆ ಏರುವುದಿಲ್ಲ, ಇದ್ದಲ್ಲೇ ಇರುತ್ತದೆ. ಏರುವ ಗೆರೆ ಇದ್ದಲ್ಲೇ ಇರುವ ಗೆರೆಯನ್ನು ಎಲ್ಲಿ ಕತ್ತರಿಸುತ್ತದೋ ಅಲ್ಲಿ ಗಲಾಟೆ. ಕ್ಯಾಂಪ್‌ಬೆಲ್ ಹೆಸರಿನ ಹಾಳೆ ತೋರಿಸುವುದು ಇದನ್ನೇ. ಉದಾಹರಣೆಗೆ ಡಕ್ಟಿನ ತಗಡಿನ ಸಹಜ ಲಯ ಸೆಕೆಂಡಿಗೆ 126 ಇದ್ದರೆ, ಫ್ಯಾನ್ 630 ಸುತ್ತಿಗೆ ಬಂದಾಗ 12 ಎಲೆಗಳ ಸದ್ದು ಸರಿಯಾಗಿ ಅಲ್ಲಿಗೆ ಬಂದು ಕೂರುತ್ತದೆ. ಆಗ ಬ್ಲೋವರ್ ನಡುಗುವುದಿಲ್ಲ, ಡಕ್ಟ್ ಮಾತ್ರ ಶಂಖ ಊದಿದಂತೆ ಮೊರೆಯುತ್ತದೆ. ಬ್ಲೋವರಿಗೆ ಎಷ್ಟು ಖರ್ಚು ಮಾಡಿದರೂ ಈ ಮೊರೆತ ಹೋಗದು. ತಗಡಿಗೆ ಒಂದು ಆಂಗಲ್ ಪಟ್ಟಿ ಹೊಡೆದು ಬಿಗಿ ಮಾಡಿದರೆ ಹೋಗುತ್ತದೆ.

ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕೆ ಉಪಕರಣಗಳಿವೆ. ದಂಡದ ಮೇಲೆ ಗುರುತು ಅಂಟಿಸಿ, ಪ್ರತಿ ಸುತ್ತನ್ನೂ ಎಣಿಸುತ್ತ, ಕಾಲದ ಲೆಕ್ಕದ ಬದಲು ಸುತ್ತಿನ ಲೆಕ್ಕದಲ್ಲಿ ಕಂಪನವನ್ನು ಅಳೆಯುತ್ತಾರೆ. ವೇಗ ಏರುತ್ತಿರುವಾಗ ಕಾಲದ ಲೆಕ್ಕದಲ್ಲಿ ಅಳೆದರೆ ಎಲ್ಲ ಅಂಕೆಗಳೂ ಒಂದರ ಮೇಲೊಂದು ಹರಡಿ ಕಲಸಿಹೋಗುತ್ತವೆ. ಸುತ್ತಿನ ಲೆಕ್ಕದಲ್ಲಿ ಅಳೆದರೆ ಪ್ರತಿ ತಾಳವೂ ತನ್ನ ಜಾಗದಲ್ಲಿ ನಿಲ್ಲುತ್ತದೆ. ನಮಗೆ ಅಷ್ಟು ದೊಡ್ಡ ಸಲಕರಣೆ ಬೇಡ. ವೇಗವನ್ನು ಹಂತ ಹಂತವಾಗಿ ನಿಲ್ಲಿಸಿ ಅಳೆದರೆ ಸಾಕು.

ನಾವೇ ಮಾಡಬಹುದಾದ ಎರಡು ಪರೀಕ್ಷೆ

ಎರಡನ್ನೂ ಅಡುಗೆ ಇಲ್ಲದ ಹೊತ್ತಿನಲ್ಲಿ, ಬೆಲ್ಟಿನ ಗಾರ್ಡ್ ತೆಗೆಯದೆ ಮಾಡಬೇಕು. ಹತ್ತಿರ ಹೋಗುವವರ ಲುಂಗಿ, ಟವೆಲು ಜೋತಾಡುವಂತಿರಬಾರದು.

ಮೊದಲನೆಯದು ಏರಿಕೆಯ ಪರೀಕ್ಷೆ. ಕೈಯಲ್ಲಿ ಹಿಡಿಯುವ ಕಂಪನ ಮಾಪಕ ಈಗ ಬ್ಯಾಲೆನ್ಸಿಂಗ್ ಮಾಡುವವರ ಬಳಿ, ಕೆಲವು ಮೋಟಾರ್ ರಿವೈಂಡಿಂಗ್ ಅಂಗಡಿಗಳಲ್ಲಿ ಇರುತ್ತದೆ. ಡ್ರೈವನ್ನು 20 ಹರ್ಟ್ಸಿಗೆ ಇಟ್ಟು, ಒಂದು ನಿಮಿಷ ಬಿಟ್ಟು, ಬೇರಿಂಗಿನ ಮೇಲೆ ಮಾಪಕ ಒತ್ತಿ ಅಂಕೆ ಬರೆದುಕೊಳ್ಳಿ. ಹಾಗೆಯೇ 5 ಹರ್ಟ್ಸಿನಂತೆ ಏರಿಸುತ್ತ 50ರವರೆಗೆ ಹೋಗಿ. ಡ್ರೈವಿನ ಪರದೆಯ ಮೇಲೆ ಕಾಣುವ ಹರ್ಟ್ಸ್ ಮೋಟಾರಿಗೆ ಹೋಗುವ ವಿದ್ಯುತ್ತಿನದು, ಫ್ಯಾನಿನ ಸುತ್ತಿನದಲ್ಲ ಎಂಬುದನ್ನು ಮರೆಯಬಾರದು. ನಮ್ಮ ಉದಾಹರಣೆಯ ಬ್ಲೋವರಿಗೆ ಲೆಕ್ಕ ಹಾಕಿದರೆ ಅಂಕೆಗಳು ಹೆಚ್ಚು ಕಡಿಮೆ ಹೀಗೆ ಬರುತ್ತವೆ. ಕಂಪನದ ಅಳತೆ ಸೆಕೆಂಡಿಗೆ ಮಿಲಿಮೀಟರಿನಲ್ಲಿ:

20 ಹರ್ಟ್ಸ್, ಫ್ಯಾನ್ 360 ಸುತ್ತು: 0.6
25 ಹರ್ಟ್ಸ್, 450 ಸುತ್ತು: 2.2
30 ಹರ್ಟ್ಸ್, 540 ಸುತ್ತು: 9.0
35 ಹರ್ಟ್ಸ್, 630 ಸುತ್ತು: 5.8
40 ಹರ್ಟ್ಸ್, 720 ಸುತ್ತು: 3.9
45 ಹರ್ಟ್ಸ್, 810 ಸುತ್ತು: 3.4
50 ಹರ್ಟ್ಸ್, 900 ಸುತ್ತು: 3.3

ಈ ಪಟ್ಟಿಯನ್ನು ಓದುವುದು ಕಷ್ಟವಲ್ಲ. ಅಂಕೆ ವೇಗದೊಂದಿಗೆ ಒಂದೇ ಸಮನೆ ಏರುತ್ತ ಹೋದರೆ ಸಮತೋಲದ ದೋಷ ಎಂದು ಸಂಶಯಿಸಬೇಕು. ಮೇಲಿನಂತೆ ನಡುವೆ ಒಂದು ಗುಡ್ಡ ಎದ್ದು ಮತ್ತೆ ಇಳಿದರೆ ಅದು ಅನುರಣನ. ಮಾಪಕ ಸಿಗದಿದ್ದರೆ ಬ್ಲೋವರಿನ ಪಾಯದ ಮೇಲೆ ಸ್ಟೀಲ್ ಲೋಟದಲ್ಲಿ ನೀರಿಟ್ಟು ಅಲೆಗಳನ್ನು ಗಮನಿಸಿ. ಅಂಕೆ ಸಿಗುವುದಿಲ್ಲ, ಆದರೆ ಯಾವ ವೇಗದಲ್ಲಿ ನೀರು ಕುದಿದಂತೆ ಆಗುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಎರಡನೆಯದು ಇಳಿಕೆಯ ಪರೀಕ್ಷೆ. ಬ್ಲೋವರ್ ಪೂರ್ತಿ ವೇಗದಲ್ಲಿರುವಾಗ ಡ್ರೈವಿನಿಂದ ಮೋಟಾರಿಗೆ ಹೋಗುವ ವಿದ್ಯುತ್ತನ್ನು ಒಮ್ಮೆಲೇ ನಿಲ್ಲಿಸಿ, ಫ್ಯಾನ್ ತಾನಾಗಿ ತಿರುಗಿ ನಿಲ್ಲಲು ಬಿಡಬೇಕು. ಡ್ರೈವಿನಲ್ಲಿ ಈ ರೀತಿ ನಿಲ್ಲಿಸುವ ಆಯ್ಕೆಯನ್ನು ಎಲೆಕ್ಟ್ರಿಷಿಯನ್ ಹೊಂದಿಸಿಕೊಡುತ್ತಾರೆ. ಆಗ ಮೂರರಲ್ಲಿ ಒಂದು ಆಗುತ್ತದೆ. ವಿದ್ಯುತ್ ಹೋದ ಕ್ಷಣವೇ ಸದ್ದು ಮಾಯವಾದರೆ ದೋಷ ಮೋಟಾರಿನ ವೈಂಡಿಂಗಿನದೋ ಡ್ರೈವಿನದೋ ಆಗಿರುತ್ತದೆ. ವೇಗ ಇಳಿದಂತೆ ನಡುಕವೂ ಮೆಲ್ಲಗೆ ಇಳಿದರೆ ದೋಷ ತಿರುಗುವ ಭಾಗದ್ದು. ಇಳಿಯುತ್ತ ಬಂದು ನಡುವೆ ಒಮ್ಮೆ ಗಡಗಡ ನಡುಗಿ ಮತ್ತೆ ಸುಮ್ಮನಾದರೆ ಅದು ಪಾಯದ ಅನುರಣನ. ಬಟ್ಟೆ ಒಗೆಯುವ ಯಂತ್ರ ನಿಲ್ಲುವ ಮೊದಲು ಒಮ್ಮೆ ಕುಣಿಯುವುದನ್ನು ಮನೆಯಲ್ಲಿ ಎಲ್ಲರೂ ನೋಡಿದ್ದೇವೆ. ಅದೂ ಇದೇ.

ಇನ್ನೊಂದು ಸದ್ದಿದೆ. ವೇಗ ಎಷ್ಟೇ ಬದಲಿಸಿದರೂ ಸ್ವರ ಬದಲಾಗದ, ಸೊಳ್ಳೆ ಹಾಡಿದಂಥ ಕೀರಲು ಸದ್ದು. ಅದು ಡ್ರೈವಿನ ಒಳಗಿನ ವಿದ್ಯುತ್ ಕಡಿತದ ಸದ್ದು, ಮೋಟಾರಿನ ಮೂಲಕ ಕೇಳಿಸುತ್ತದೆ. ಡ್ರೈವಿನಲ್ಲಿ ಕ್ಯಾರಿಯರ್ ಫ್ರೀಕ್ವೆನ್ಸಿಯನ್ನು ಸ್ವಲ್ಪ ಏರಿಸಿದರೆ ಅದು ಕಿವಿಗೆ ಕಡಿಮೆಯಾಗುತ್ತದೆ. ಆದರೆ ಡ್ರೈವ್ ಹೆಚ್ಚು ಬಿಸಿಯಾಗುವುದರಿಂದ, ಭಟ್ಟಿಯ ಪಕ್ಕದ ಗೋಡೆಗೆ ಡ್ರೈವ್ ಹಾಕಿಸಿದವರು ಹೆಚ್ಚು ಏರಿಸದಿರುವುದು ಲೇಸು.

ಪರಿಹಾರ: ಖರ್ಚಿಲ್ಲದ್ದು ಮೊದಲು

ಅನುರಣನ ಎಂದು ಖಚಿತವಾದ ಮೇಲೆ ಮೊದಲ ಪರಿಹಾರಕ್ಕೆ ಒಂದು ಪೈಸೆಯೂ ಬೇಡ. ಹೆಚ್ಚಿನ ಡ್ರೈವ್‌ಗಳಲ್ಲಿ ಸ್ಕಿಪ್ ಫ್ರೀಕ್ವೆನ್ಸಿ ಅಥವಾ ಜಂಪ್ ಫ್ರೀಕ್ವೆನ್ಸಿ ಎಂಬ ಸೌಲಭ್ಯವಿದೆ. ನಮ್ಮ ಉದಾಹರಣೆಯಲ್ಲಿ 26ರಿಂದ 36 ಹರ್ಟ್ಸಿನ ನಡುವೆ ನಿಲ್ಲಬಾರದು ಎಂದು ಅದರಲ್ಲಿ ಹಾಕಿಬಿಟ್ಟರೆ, ಡ್ರೈವ್ ಆ ಭಾಗವನ್ನು ಸರಕ್ಕನೆ ದಾಟುತ್ತದೆ, ಅಲ್ಲಿ ನಿಲ್ಲುವುದಿಲ್ಲ. ಡಿ ಲಾವಲ್ ಮಾಡಿದ್ದೂ ಇದನ್ನೇ. ಡ್ರೈವ್ ಹಾಕಿಸುವ ದಿನವೇ ಏರಿಕೆಯ ಪರೀಕ್ಷೆ ಮಾಡಿಸಿ, ಈ ಅಂಕೆಯನ್ನು ಹಾಕಿಸಿಕೊಳ್ಳಬೇಕೆಂದು ಕ್ವೊಟೇಷನ್ನಿನಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.

ಎರಡನೆಯದು ತೊಳೆಸುವುದು ಮತ್ತು ಜಾಗದಲ್ಲೇ ಬ್ಯಾಲೆನ್ಸ್ ಮಾಡಿಸುವುದು. ತೂಗುವ ಕೈ ಸಣ್ಣದಾದರೆ ತೂಗಾಟವೂ ಸಣ್ಣದು.

ಮೂರನೆಯದು ಪಾಯ. ರಬ್ಬರ್ ಪ್ಯಾಡ್ ಬದಲು 25 ಮಿ.ಮೀ. ಕುಗ್ಗುವ ಸ್ಪ್ರಿಂಗ್ ಹಾಕಿದರೆ ಸಹಜ ಲಯ ಸೆಕೆಂಡಿಗೆ 9ರಿಂದ ಸುಮಾರು 3ಕ್ಕೆ ಇಳಿಯುತ್ತದೆ. 3 ಮಿ.ಮೀ. ಪ್ಯಾಡಿನ ಮೇಲೆ ಪೂರ್ತಿ ವೇಗದಲ್ಲಿ ನಡುಕದ ಬಲದ ನೂರಕ್ಕೆ 58 ಪಾಲು ಕಟ್ಟಡಕ್ಕೆ ಇಳಿಯುತ್ತದೆ. 540 ಸುತ್ತಿನಲ್ಲಂತೂ ಹಲವು ಪಟ್ಟು ಹೆಚ್ಚಾಗಿ ಇಳಿಯುತ್ತದೆ. ಸ್ಪ್ರಿಂಗಿನ ಮೇಲೆ ಪೂರ್ತಿ ವೇಗದಲ್ಲಿ ನೂರಕ್ಕೆ 5, 540 ಸುತ್ತಿನಲ್ಲೂ ನೂರಕ್ಕೆ 14 ಮಾತ್ರ. ಈ ಲೆಕ್ಕ ಕೆಳಗಿನ ಸ್ಲ್ಯಾಬ್ ಗಟ್ಟಿಯಾಗಿದ್ದರೆ ಸರಿ. ಸ್ಲ್ಯಾಬಿನ ನಟ್ಟನಡುವೆ ಕೂರಿಸದೆ ತೊಲೆಯ ಅಥವಾ ಕಂಬದ ಮೇಲೆ ಬರುವಂತೆ ಕೂರಿಸಬೇಕು. ಪ್ಯಾಡ್ ಗಟ್ಟಿ ಇದ್ದಷ್ಟೂ ಒಳ್ಳೆಯದು ಎಂಬ ಮೇಸ್ತ್ರಿಗಳ ಮಾತನ್ನು ಇಲ್ಲಿ ಕೇಳಬಾರದು.

ಸ್ಪ್ರಿಂಗ್ ಹಾಕಿ, ಡಕ್ಟನ್ನು ಮಾತ್ರ ಬ್ಲೋವರಿಗೆ ನೇರವಾಗಿ ಬೋಲ್ಟ್ ಮಾಡಿದರೆ ನಡುಕ ಡಕ್ಟಿನ ದಾರಿಯಲ್ಲಿ ಹೋಗುತ್ತದೆ. ನಡುವೆ ಬೆಂಕಿ ಮತ್ತು ಎಣ್ಣೆ ತಡೆಯುವ ಬಟ್ಟೆಯ ಮೆತ್ತನೆಯ ಜೋಡಣೆ ಇರಬೇಕು. ಸಾಧಾರಣ ಕ್ಯಾನ್ವಾಸ್ ಅಡುಗೆಮನೆಯ ಡಕ್ಟಿಗೆ ಅಪಾಯ.

ಒಂದು ಎಚ್ಚರಿಕೆ. ಸದ್ದಿಗೆ ಹೆದರಿ ವೇಗವನ್ನು ತೀರಾ ಇಳಿಸಬಾರದು. ಎಳೆತ ಕಡಿಮೆಯಾದರೆ ಹೊಗೆ ಹುಡ್ಡಿನಿಂದ ಹೊರಗೆ ಚೆಲ್ಲುತ್ತದೆ, ಡಕ್ಟಿನಲ್ಲಿ ಜಿಡ್ಡು ಕೂರುತ್ತದೆ. ಜಿಡ್ಡು ತುಂಬಿದ ಡಕ್ಟಿಗೆ ಒಂದು ಕಿಡಿ ಸಾಕು. ಭಟ್ಟಿ ಉರಿಯುತ್ತಿರುವಾಗ ಬೇಕಾದಷ್ಟು ಗಾಳಿ ಎಳೆಯಲೇಬೇಕು.

ಮೀಟರಿನಲ್ಲಿ ಕಾಣದ ಸದ್ದು

ಶಬ್ದಮಾಲಿನ್ಯ ನಿಯಂತ್ರಣದ 2000ದ ಕೇಂದ್ರ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ವಾಣಿಜ್ಯ ಪ್ರದೇಶದಲ್ಲಿ ಹಗಲು 65, ರಾತ್ರಿ 55. ರಾತ್ರಿ ಎಂದರೆ 10 ಗಂಟೆಯಿಂದ ಬೆಳಗ್ಗೆ 6ರವರೆಗೆ. ನಮ್ಮ ಬೆಳಗಿನ ಇಡ್ಲಿ ತಯಾರಿ ಈ ಲೆಕ್ಕದಲ್ಲಿ ರಾತ್ರಿಯೊಳಗೇ ಬರುತ್ತದೆ ಎಂಬುದು ನೆನಪಿರಲಿ.

ಕೆಲವೊಮ್ಮೆ ಮೀಟರ್ ಹಿಡಿದರೆ ಮಿತಿಯ ಒಳಗೇ ಇರುತ್ತದೆ, ಮೇಲಿನ ಮನೆಯವರ ದೂರು ಮಾತ್ರ ನಿಲ್ಲುವುದಿಲ್ಲ. ಅವರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬೇಕಾಗಿಲ್ಲ. ಮಿತಿಗೆ ಬಳಸುವ ಅಳತೆ ಮನುಷ್ಯನ ಕಿವಿಗೆ ಹೊಂದಿಸಿದ್ದು. ಸೆಕೆಂಡಿಗೆ 50 ಕಂಪನದ ಸದ್ದನ್ನು ಅದು 30 ಡೆಸಿಬೆಲ್ ಕಡಿಮೆ ಮಾಡಿ ತೋರಿಸುತ್ತದೆ. ಸೆಕೆಂಡಿಗೆ 9 ಅಥವಾ 15ರ ನಡುಕ ಮೀಟರಿಗೆ ಸಿಗುವುದೇ ಇಲ್ಲ. ಆದರೆ ಅದೇ ನಡುಕ ಗೋಡೆಯ ಮೂಲಕ ಏರಿ ಅವರ ಅಡುಗೆಮನೆಯ ಕಪಾಟಿನ ಪಾತ್ರೆಗಳನ್ನು ಅಲುಗಿಸುತ್ತದೆ, ಮಂಚವನ್ನು ನಡುಗಿಸುತ್ತದೆ. ಹಾಗಾಗಿ ದೂರು ಬಂದಾಗ ಮೀಟರ್ ತೋರಿಸಿ ವಾದ ಮಾಡುವ ಬದಲು, ಅವರ ಮನೆಗೇ ಒಬ್ಬರನ್ನು ಕಳಿಸಿ, ಕೆಳಗೆ ವೇಗ ಬದಲಿಸುತ್ತ ಫೋನಿನಲ್ಲಿ ಕೇಳಿಕೊಳ್ಳಿ. ಯಾವ ವೇಗದಲ್ಲಿ ಪಾತ್ರೆ ಅಲುಗುತ್ತದೆ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ನಾವು ಕಾಳಜಿ ವಹಿಸಿದ್ದೇವೆ ಎಂಬುದು ಅವರಿಗೂ ಮನವರಿಕೆಯಾಗುತ್ತದೆ.

ಬೇರೆ ಯಂತ್ರಗಳ ಬಗ್ಗೆ

ಜನರೇಟರ್ ಶುರುವಾಗುವಾಗ ಮತ್ತು ನಿಲ್ಲುವಾಗ ಒಮ್ಮೆ ಮೈ ಕೊಡವುವುದು ಸಹಜ. ಓಡುವ ವೇಗದಲ್ಲೂ ಹಾಗೇ ನಡುಗಿದರೆ ಪ್ಯಾಡ್ ನೋಡಿಸಬೇಕು. ವೆಟ್ ಗ್ರೈಂಡರ್ ಒಂದೇ ವೇಗದ್ದು. ಅದರಲ್ಲಿ ಹೊಸದಾಗಿ ನಡುಕ ಬಂದರೆ ಬೆಲ್ಟ್, ಬೇರಿಂಗ್ ಅಥವಾ ಕೆಳಗಿನ ನೆಲ ಸಮ ಇಲ್ಲದಿರುವುದು ಕಾರಣವಿರಬಹುದು. ವೇಗ ಬದಲಾಗುವ ಇನ್ವರ್ಟರ್ ಕಂಪ್ರೆಸರಿನ ಎಸಿ, ಕೋಲ್ಡ್ ರೂಮುಗಳಲ್ಲಿ ಮಾತ್ರ ಬ್ಲೋವರಿನ ನಿಯಮವೇ ಅನ್ವಯಿಸುತ್ತದೆ. ಯಾವುದೋ ಒಂದು ಹೊತ್ತಿನಲ್ಲಿ ಮಾತ್ರ ಪೈಪು ಗುಂಯ್‌ಗುಡುತ್ತಿದ್ದರೆ, ಆ ಪೈಪಿಗೆ ಇನ್ನೊಂದು ಕ್ಲ್ಯಾಂಪ್ ಹಾಕಿಸಿ ನೋಡಿ.

ಕೊನೆಯದಾಗಿ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ಬ್ಲೋವರ್ ಚೆನ್ನಾಗಿ ಓಡುತ್ತಿರುವಾಗಲೇ ಒಮ್ಮೆ ಏರಿಕೆಯ ಪರೀಕ್ಷೆ ಮಾಡಿಸಿ, ಆ ಏಳು ಅಂಕೆಗಳನ್ನು ತಾರೀಕು ಸಹಿತ ಬರೆದು ಡ್ರೈವಿನ ಪೆಟ್ಟಿಗೆಯ ಬಾಗಿಲ ಒಳಗೆ ಅಂಟಿಸಿಡಿ. ಆರು ತಿಂಗಳಿಗೊಮ್ಮೆ, ಇಂಪೆಲ್ಲರ್ ತೊಳೆಸಿದ ಮಾರನೆಯ ದಿನ, ಮತ್ತೆ ಅಳೆದು ಪಕ್ಕದಲ್ಲೇ ಬರೆಯಿರಿ. ಅಂಕೆ ಇದ್ದಲ್ಲೇ ಇದ್ದರೆ ಚಿಂತೆಯಿಲ್ಲ. ಒಂದೇ ವೇಗದಲ್ಲಿ ಏರಿದ್ದರೆ ಪಾಯ ನೋಡಿ, ಎಲ್ಲ ವೇಗದಲ್ಲೂ ಏರಿದ್ದರೆ ಇಂಪೆಲ್ಲರ್ ಮತ್ತು ಬೇರಿಂಗ್ ನೋಡಿ. ಮೆಕ್ಯಾನಿಕ್ ಬಂದಾಗ ಈ ಹಾಳೆಯನ್ನು ಅವನ ಕೈಗೆ ಕೊಟ್ಟರೆ, ಯಾವ ಭಾಗ ಬಿಚ್ಚಬೇಕು, ಯಾವುದನ್ನು ಬಿಚ್ಚಬೇಕಾಗಿಲ್ಲ ಎಂಬ ಮಾತು ಅಲ್ಲಿಂದಲೇ ಶುರುವಾಗುತ್ತದೆ.